ಎಲುಬಿನ ಸಾಕ್ಷ್ಯ: ವಿಸ್ಬಿಯ ಸಮಾಧಿಗಳು ಮತ್ತು ಅವುಗಳ ವ್ಯಾಖ್ಯಾನ

ಗೋಟ್ಲೆಂಡ್ ದ್ವೀಪದ ವಿಸ್ಬಿ ಪಟ್ಟಣದ ಕೋಟೆಯ ಹೊರಗೆ, 1361ರ ಜುಲೈ 27ರಂದು ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಸೈನ್ಯಕ್ಕೂ ದ್ವೀಪದ ರೈತಾಪಿ ಜನಕ್ಕೂ ಕಾಳಗ ನಡೆಯಿತು. ಅದನ್ನು ಕುರಿತ ಆಕರಗಳು ಎರಡು ಬಗೆಯವು. ಒಂದು ಜನರ ನಾಲಗೆಯ ಮೇಲೆ ಉಳಿದದ್ದು: ದೊರೆಗೆ ಒಲಿದು ಪಟ್ಟಣವನ್ನು ಒಪ್ಪಿಸಿಕೊಟ್ಟ ಕನ್ಯೆಯನ್ನು ಕೋಟೆಯ ಬುರುಜಿನ ಗೋಡೆಯೊಳಗೆ ಜೀವಂತ ಹುಗಿದರೆಂಬ ಐತಿಹ್ಯ. ಇನ್ನೊಂದು ಮಣ್ಣಿನಲ್ಲಿ ಉಳಿದದ್ದು. ಐತಿಹ್ಯವು ಸೋಲಿನ ಹೊಣೆಯನ್ನು ಹೆಣ್ಣೊಬ್ಬಳ ಮೇಲೆ ಹೊರಿಸುತ್ತದೆ. ಸಮಾಧಿಗಳು ತೋರುವುದು ಹದಿಹರೆಯದವರನ್ನೂ ವೃದ್ಧರನ್ನೂ ಒಳಗೊಂಡ, ಕಸುಬಿನ ಸೈನಿಕರಲ್ಲದವರ ಪಡೆಯನ್ನು.

1905ರಿಂದ 1930ರವರೆಗೆ ಹಲವು ಹಂತಗಳಲ್ಲಿ ನಡೆದ ಉತ್ಖನನದಲ್ಲಿ ಕನಿಷ್ಠ 1,185 ಮಂದಿಯ ಅವಶೇಷಗಳು ದೊರೆತವು. ಬೆಂಗ್ಟ್ ಥೋರ್ಡೆಮನ್ 1939-40ರಲ್ಲಿ ಹೊರತಂದ ಎರಡು ಸಂಪುಟಗಳು ಈ ವಿಷಯಕ್ಕೆ ಇಂದಿಗೂ ಮೂಲ ಆಕರ. ಗೆದ್ದವರು ಹೆಣದ ಮೈಮೇಲಿನ ಕವಚವನ್ನು ಸುಲಿದುಕೊಳ್ಳುವುದು ವಾಡಿಕೆ. ಇಲ್ಲಿ ಬೇಸಿಗೆಯ ಸೆಕೆಗೆ ಹೆಣಗಳು ಬೇಗ ಕೊಳೆತುದರಿಂದ ಅನೇಕರನ್ನು ಕವಚಸಹಿತ ಹೂಳಿರಬೇಕೆಂಬ ಊಹೆ ಒಪ್ಪುವಂಥದು. ಹೊದಿಕೆಯ ಬಟ್ಟೆ, ತೊಗಲು ಕರಗಿಹೋಗಿದ್ದರೂ ಅದರ ಒಳಮೈಗೆ ಮೊಳೆ ಹೊಡೆದು ಕೂಡಿಸಿದ್ದ ಕಬ್ಬಿಣದ ತಗಡುಗಳು ಉಳಿದಿದ್ದವು. ಅವುಗಳ ಸಂಖ್ಯೆ ಮತ್ತು ಜೋಡಣೆಯನ್ನು ಹಿಡಿದು ಥೋರ್ಡೆಮನ್ ಈ ಕವಚಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಈ ಭಾಗದಲ್ಲಿ ಅವರ ಶ್ರಮ ಪ್ರಶ್ನಾತೀತ. ಕಬ್ಬಿಣದ ಬಳೆಗಳನ್ನು ಹೆಣೆದ ತಲೆಗವಸಿನೊಳಗೆ ತಲೆಬುರುಡೆ ಹಾಗೆಯೇ ಉಳಿದುದೂ ಉಂಟು.

ತಕರಾರು ಏಳುವುದು ಗಾಯಗಳ ವ್ಯಾಖ್ಯಾನದಲ್ಲಿ. ಎಲುಬುಗಳನ್ನು ಪರೀಕ್ಷಿಸಿದ ಇಂಗೆಲ್‌ಮಾರ್ಕ್ ಕತ್ತಿ, ಕೊಡಲಿಗಳ ಕಡಿತದ ಗಾಯಗಳು 456, ಬಾಣ, ಈಟಿ ಮುಂತಾದವುಗಳ ಇರಿತದ ಗಾಯಗಳು 126 ಎಂದು ಎಣಿಸಿದರು. ಕಡಿತದ ಗಾಯಗಳಲ್ಲಿ ಬಹುಪಾಲು ಕಾಲಿನವು. ಗುರಾಣಿ ಮತ್ತು ಕವಚ ಮುಂಡವನ್ನು ಕಾಯ್ದವು, ಕಾಲುಗಳು ಬಯಲಾಗಿದ್ದವು ಎಂಬ ತೀರ್ಮಾನ ಇದರಿಂದ ಹುಟ್ಟಿತು. ಆದರೆ ಮೊಣಕಾಲಿನ ಕೆಳಗಿನ ಎಲುಬು ಚರ್ಮದ ಅಡಿಯಲ್ಲಿಯೇ ಇದೆ; ಅಲ್ಲಿ ಬಿದ್ದ ಪೆಟ್ಟು ಎಲುಬನ್ನು ಮುಟ್ಟದೆ ಇರದು. ಹೊಟ್ಟೆಗೆ ಬಿದ್ದ ಇರಿತ ಪ್ರಾಣವನ್ನೇ ತೆಗೆದರೂ ಎಲುಬಿನಲ್ಲಿ ಗುರುತು ಉಳಿಸದೆ ಹೋಗಬಹುದು. ಹೀಗಾಗಿ ಈ ಎಣಿಕೆ ಎಲುಬಿಗೆ ತಗುಲಿದ ಪೆಟ್ಟುಗಳದೇ ಹೊರತು ಬಿದ್ದ ಪೆಟ್ಟುಗಳೆಲ್ಲವುಗಳದ್ದಲ್ಲ. ಸಾಮೂಹಿಕ ಗುಂಡಿಗಳಲ್ಲಿ ಎಲುಬುಗಳು ಬಹುಮಟ್ಟಿಗೆ ಕಲಸಿಹೋಗಿದ್ದುದರಿಂದ ಕಾಲಿನ ಗಾಯವನ್ನೂ ತಲೆಯ ಗಾಯವನ್ನೂ ಒಬ್ಬನವೇ ಎಂದು ಕೂಡಿಸಿ ಓದುವ ಅವಕಾಶವೂ ಕಡಿಮೆ.

ಇಂಗ್ಲೆಂಡಿನ ಟೌಟನ್ನಿನಲ್ಲಿ 1461ರ ಮಾರ್ಚ್ 29ರಂದು ನಡೆದ ಕದನದ ಸಮಾಧಿಯೊಂದು 1996ರಲ್ಲಿ ದೊರೆತಾಗ ಈ ಕೊರತೆ ಬಹುಪಾಲು ನೀಗಿತು. ಅಲ್ಲಿ ಒಬ್ಬೊಬ್ಬನ ಅಸ್ಥಿಪಂಜರವನ್ನೂ ಬೇರ್ಪಡಿಸಿ ಓದಲಾಯಿತು. 2000ದಲ್ಲಿ ಪ್ರಕಟವಾದ ‘ಬ್ಲಡ್ ರೆಡ್ ರೋಸಸ್’ ಸಂಪುಟದ ಪ್ರಕಾರ, ಪರೀಕ್ಷಿಸಿದ 28 ತಲೆಬುರುಡೆಗಳಲ್ಲಿ 27ರಲ್ಲಿ ಸಾವಿನ ಹೊತ್ತಿನ ಗಾಯಗಳಿವೆ. ಕೆಲವದರಲ್ಲಿ ಯುದ್ಧಸುತ್ತಿಗೆಯಂಥ ಆಯುಧದ ಮೊನೆ ಕೊರೆದ ಚೌಕ ತೂತುಗಳಿವೆ. ಇವರ ತಲೆಯ ಮೇಲೆ ಶಿರಸ್ತ್ರಾಣವಿರಲಿಲ್ಲವೆಂಬುದು ಸಮಂಜಸ ಊಹೆ. ಅದನ್ನು ಓಡುವಾಗ ಎಸೆದರೋ, ಸೆರೆಸಿಕ್ಕ ಮೇಲೆ ಕಳಚಲಾಯಿತೋ ಎಂಬುದನ್ನು ಗಾಯವೊಂದೇ ಹೇಳದು. ವಿಸ್ಬಿಯ ರೈತರಿಗೂ ಇವರಿಗೂ ಇರುವ ಅಂತರ ಬೇರೊಂದು ಕಡೆ ಕಾಣುತ್ತದೆ: ಟೌಟನ್ನಿನ ಒಬ್ಬನ ದವಡೆಯಲ್ಲಿ, ಈ ಕದನಕ್ಕೆ ಬಹಳ ಮೊದಲೇ ತಗುಲಿ ಮಾಯ್ದ ಆಯುಧದ ಗಾಯವಿದೆ.