ರಾಕ್ಷಸನ ಒಡ್ಡೋಲಗ, ಖಾಲಿ ಗೆರೆಗಳ ಪುಸ್ತಕ

ಮಿರಜ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕಿವಿಗೆ ಬೀಳದ ಗಳಿಗೆಯೇ ಇಲ್ಲ. ದವಾಖಾನೆಗೆಂದು ಬಂದ ಅಥಣಿ, ರಾಯಬಾಗ, ವಿಜಯಪುರ ಕಡೆಯವರು ಎಕ್ಸ್‌ರೇ ಲಕೋಟೆ ಎದೆಗವಚಿಕೊಂಡು ಗಾಡಿ ಕಾಯುತ್ತ ಕೂತಿರುತ್ತಾರೆ. ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದ ಮೇಲೆ ಬೆಳೆದ ರೂಢಿ ಅದು. ಹೋದ ಬೇಸಿಗೆಯಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಕೂತಿದ್ದ. ಜತ್ತ ತಾಲ್ಲೂಕಿನವನು, ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ. ಸಾಂಗಲಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸ. ಮೊಬೈಲಿನಲ್ಲಿ ‘ಮುಳಶಿ ಪ್ಯಾಟರ್ನ್’ ಓಡುತ್ತಿತ್ತು. ಕೆಲಸ ಬದಲಿಸುವುದು ಹೇಗೆಂದು ಕಲಿಸುವ ಮರಾಠಿ ಪುಸ್ತಕವೊಂದು ತೊಡೆಯ ಮೇಲೆ ಬೋರಲಾಗಿ ಬಿದ್ದಿತ್ತು. ಎರಡರಲ್ಲಿ ಯಾವುದು ಚಲೋ ಐತಿ ಎಂದು ಕೇಳಿದೆ.

“ಪಿಚ್ಚರ್ ನೋಡಿದ್ರ ಧೈರ್ಯ ಬರ್ತೈತ್ರಿ ಕಾಕಾ. ಪುಸ್ತಕ ಓದಿದ್ರ ತಪ್ಪೆಲ್ಲಾ ನಂದ ಅನಸ್ತೈತಿ.”

ರೌಡಿಗಳ ಸಿನಿಮಾ ಯಾಕೆ ಸೆಳೆಯುತ್ತದೆ, ವೃತ್ತಿ ಬದಲಾವಣೆಯ ಕೈಪಿಡಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬ ಎರಡೂ ಪ್ರಶ್ನೆಗೆ ಇಷ್ಟು ಚಿಕ್ಕ ಉತ್ತರವನ್ನು ನಾನು ಕೇಳಿರಲಿಲ್ಲ. ಯೋಚಿಸಿದರೆ ಎರಡರಲ್ಲೂ ಇರುವುದು ಒಂದೇ ಕಥೆ. ಇದ್ದ ಕಸುಬು ಕೈಕೊಟ್ಟಿದೆ, ಇನ್ನೊಂದು ಹಿಡಿಯಬೇಕು. ಸಿನಿಮಾ ಅದನ್ನು ಹೇಗೆ ಹೇಳುತ್ತದೆ, ಪುಸ್ತಕ ಹೇಗೆ ಹೇಳುತ್ತದೆ, ಮಿರಜದಂಥ ಊರಿನಲ್ಲಿ ಅದು ನಿಜವಾಗಿ ಹೇಗೆ ನಡೆಯಿತು ಎಂದು ಒಂದರ ಪಕ್ಕ ಒಂದಿಟ್ಟು ನೋಡಬೇಕು ಅನ್ನಿಸಿತು.

ಸಿನಿಮಾದ ಮಾತಿಗೆ ಸಾಂಗಲಿಯಿಂದಲೇ ಶುರು ಮಾಡಬಹುದು. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಮೇಳ ಇಲ್ಲಿಗೆ ಬಂದು ಆಟ ಆಡಿತು. ನೋಡಿ ಮರುಳಾದ ದೊರೆ ಚಿಂತಾಮಣರಾವ್ ಪಟವರ್ಧನರು ತಮ್ಮಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲಿ ಅಂಥದ್ದೊಂದನ್ನು ಕಟ್ಟಲು ಹೇಳಿದರು. 1843ರ ‘ಸೀತಾ ಸ್ವಯಂವರ’ ಹುಟ್ಟಿದ್ದು ಹಾಗೆ. ಮರಾಠಿ ರಂಗಭೂಮಿ ತನ್ನ ಜನ್ಮವರ್ಷವನ್ನು ಅಲ್ಲಿಂದ ಎಣಿಸುತ್ತದೆ. ಆ ಆಟಗಳಲ್ಲಿ ರಾಕ್ಷಸ ರಂಗಕ್ಕೆ ಬರುವಾಗ ಎಬ್ಬಿಸುತ್ತಿದ್ದ ಅಬ್ಬರಕ್ಕೆ ಎಷ್ಟು ಹೆಸರಿತ್ತೆಂದರೆ, ಮುಂದೆ ಆ ಬಗೆಯ ನಾಟಕಗಳನ್ನು ಆ ಕೂಗಿನ ಹೆಸರಿನಿಂದಲೇ ಗೇಲಿ ಮಾಡುತ್ತಿದ್ದರು. ನಮ್ಮ ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ನಿದ್ದೆ ತೂಗುತ್ತಿದ್ದ ಮಕ್ಕಳು ಎದ್ದು ಕೂರುವುದು ಬಣ್ಣದ ವೇಷ ಬಂದಾಗ. ತೆರೆಯ ಹಿಂದಿನ ಕುಣಿತ, ಆರ್ಭಟೆ, ದೀವಟಿಗೆಗೆ ಎರಚಿದ ರಾಳದ ಪುಡಿ ಭಗ್ಗೆಂದು ಹತ್ತುವುದು. ರಾಮ ಬಂದರೆ ಇದೆಲ್ಲ ಎಲ್ಲಿ? ಬೆಳಗಾಗುವ ಹೊತ್ತಿಗೆ ರಾಕ್ಷಸ ಸಾಯುತ್ತಾನೆ, ಜನ ಸಮಾಧಾನದಿಂದ ಮನೆಗೆ ಹೋಗುತ್ತಾರೆ.

ರೌಡಿ ಸಿನಿಮಾದ ಸೆಳೆತ ಈ ಒಡ್ಡೋಲಗದ್ದೇ, ವೇಷದ ಈ ಅಬ್ಬರದ ಪ್ರವೇಶದ್ದೇ. ಅರ್ಚಕರ ಮಗ ಮಚ್ಚು ಹಿಡಿಯುವ ಉಪೇಂದ್ರರ ‘ಓಂ’ 1995ರದ್ದು. ನಿಜವಾದ ರೌಡಿಗಳೇ ಅದರಲ್ಲಿ ಬಣ್ಣ ಹಚ್ಚಿದ್ದರು. ವರ್ಷಗಟ್ಟಲೆ ಮತ್ತೆ ಮತ್ತೆ ಬಿಡುಗಡೆಯಾದರೂ ಜನ ಬಂದರು. ಕಥೆ ಬಾಯಿಪಾಠವಾಗಿದ್ದ ಪ್ರಸಂಗಕ್ಕೆ ಜನ ಸೇರುತ್ತಿದ್ದಂತೆ ಅದು. ಆದರೆ ಹಳೆಯ ರಾಕ್ಷಸನಿಗೂ ಇವನಿಗೂ ಒಂದು ವ್ಯತ್ಯಾಸವಿದೆ. ರಾಕ್ಷಸ ಹುಟ್ಟಿನಿಂದಲೇ ರಾಕ್ಷಸ. ಇವನು ನಡುವೆ ಆದವನು. ಮಹೇಶ್ ಮಾಂಜ್ರೇಕರರ ‘ವಾಸ್ತವ್’ (1999) ಚಿತ್ರದ ರಘು ಮೊದಲು ಹಾಕುವುದು ಪಾವ್ ಭಾಜಿ ಗಾಡಿ. ಕೆಲಸವಿಲ್ಲದ ಗೆಳೆಯರೆಲ್ಲ ಸೇರಿ ಈರುಳ್ಳಿ ಹೆಚ್ಚುತ್ತಾರೆ, ತವಾ ಕುಟ್ಟುತ್ತಾರೆ. ಅಲ್ಲಿಗೇ ಬಂದ ಜಗಳದಲ್ಲಿ ಒಂದು ಕೊಲೆ, ಅಲ್ಲಿಂದ ಇನ್ನೊಂದು ಕಸುಬು. ಆಮೇಲೆ ಕೊರಳಿಗೆ ಐವತ್ತು ತೊಲೆ ಚಿನ್ನ ಹಾಕಿಕೊಂಡು ಬಂದು ಅವ್ವನಿಗೆ ತೋರಿಸುತ್ತಾನೆ. ಸಂಬಳದ ಮೊದಲ ಲಕೋಟೆ ತಂದ ಮಗನ ಮುಖ ಇದ್ದಂತೆಯೇ ಇದೆ ಆ ಮುಖ.

ಪ್ರವೀಣ್ ತರಡೆಯವರ ‘ಮುಳಶಿ ಪ್ಯಾಟರ್ನ್’ (2018) ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಪುಣೆ ಬೆಳೆದಂತೆ ಪಕ್ಕದ ಮುಳಶಿಯ ಹೊಲಗಳು ಬಿಕರಿಯಾಗುತ್ತವೆ. ಬಂದ ದುಡ್ಡು ಕರಗುತ್ತದೆ, ಒಕ್ಕಲಿಗ ಪೇಟೆಗೆ ಬಂದು ಮೂಟೆ ಹೊರುತ್ತಾನೆ. ಅಪ್ಪನ ಬೆನ್ನು ನೋಡಿಕೊಂಡು ಬೆಳೆದ ಮಗನನ್ನು ಒಬ್ಬ ದಾದಾ ಹೆಸರು ಹಿಡಿದು ಕರೆಯುತ್ತಾನೆ. ಈ ಕರೆಯುವುದೇ ಇಂಥ ಚಿತ್ರಗಳ ಜೀವ ಎಂದು ನನಗನ್ನಿಸುತ್ತದೆ. ಯಾರೂ ಅರ್ಜಿ ಹಾಕುವುದಿಲ್ಲ, ಅನುಭವದ ಪ್ರಮಾಣಪತ್ರ ಕೇಳುವುದಿಲ್ಲ. ಒಬ್ಬ ಹಿರಿಯ ನೋಡಿದ, ಇವನು ಬೇಕು ಅಂದ, ಅಷ್ಟೇ. ನಾಲ್ಕು ವರ್ಷ ತಾಮ್ರದ ತಂತಿ ಸುತ್ತಿದ ಹುಡುಗನನ್ನು ಮಾಲೀಕ “ಏ ಪೋರ್ಯಾ” ಎಂದೇ ಕರೆಯುತ್ತಿದ್ದರೆ, ಆ ಕರೆ ಧೈರ್ಯವೆನಿಸದೆ ಇನ್ನೇನು?

ಕೆಲಸ ಯಾಕೆ ಹೋಯಿತು ಎಂಬ ಪ್ರಶ್ನೆಗೆ ಈ ಚಿತ್ರ ಉತ್ತರ ಕೊಡುತ್ತದೆ: ಭೂಮಿ ಹೋಯಿತು. ತಪ್ಪೆಲ್ಲ ಹುಡುಗನದು ಎನ್ನುವುದಿಲ್ಲ. ಅಲ್ಲಿಯವರೆಗೆ ಅದು ಪ್ರಾಮಾಣಿಕ. ಸುಳ್ಳು ಶುರುವಾಗುವುದು ಹೊಸ ಕಸುಬು ಕಲಿಯುವ ಕಡೆ. ಒಂದು ಹಾಡು ಮುಗಿಯುವುದರೊಳಗೆ ಹುಡುಗ ಗಾಡಿ, ಹಿಂಬಾಲಕರು, ಕನ್ನಡಕ ಎಲ್ಲದರ ಒಡೆಯ. ಹೆಣ ಬೀಳುವ ಕೊನೆಯ ದೃಶ್ಯ ನೀತಿಗೆಂದು ಇದೆ, ನಿಜ. ಆದರೆ ಮೊಬೈಲಿನಲ್ಲಿ ಹಂಚಿಕೆಯಾಗುವ ತುಣುಕುಗಳಲ್ಲಿ ಆ ಹೆಣ ಇರುವುದಿಲ್ಲ, ಮೆರವಣಿಗೆ ಇರುತ್ತದೆ. ರಾತ್ರಿಯಿಡೀ ಕೂತು ನೋಡುವ ಆಟದಲ್ಲಿ ಒಡ್ಡೋಲಗಕ್ಕೂ ವಧೆಗೂ ಒಂದೇ ಟಿಕೀಟು. ತುಣುಕಿನಲ್ಲಿ ಒಡ್ಡೋಲಗವಷ್ಟೇ ಉಳಿಯಿತು.

ಇನ್ನು ಪುಸ್ತಕ. ಕೊಪ್ಪೊಲಾರ ‘ದಿ ಗಾಡ್‌ಫಾದರ್’ ತೆರೆಗೆ ಬಂದದ್ದು 1972ರಲ್ಲಿ. ವೃತ್ತಿ ಬದಲಾವಣೆಯ ಕೈಪಿಡಿಗಳ ಮೂಲಪುರುಷ ಎನ್ನಬಹುದಾದ ‘ವಾಟ್ ಕಲರ್ ಈಸ್ ಯುವರ್ ಪ್ಯಾರಾಶೂಟ್?’ ಅಂಗಡಿಗೆ ಬಂದದ್ದೂ ಅದೇ ವರ್ಷ. ಬರೆದ ರಿಚರ್ಡ್ ಬೋಲ್ಸ್ ಒಬ್ಬ ಪಾದ್ರಿ. ಸ್ಯಾನ್‌ಫ್ರಾನ್ಸಿಸ್ಕೋದ ಚರ್ಚೊಂದರಲ್ಲಿದ್ದ ಕೆಲಸ 1968ರಲ್ಲಿ ಖರ್ಚು ಕಡಿತಕ್ಕೆ ಬಲಿಯಾಯಿತು. ತನ್ನ ಹಾಗೆ ಹುದ್ದೆ ಕಳೆದುಕೊಂಡ ಪಾದ್ರಿಗಳಿಗೆಂದು 1970ರಲ್ಲಿ ತಾನೇ ಅಚ್ಚು ಹಾಕಿಸಿ ಹಂಚಿದ ಪುಸ್ತಕ, ಮುಂದೆ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರ ತಿರುಳು ಎರಡು ಮಾತು. ಹುದ್ದೆಯ ಹೆಸರು ಮರೆತು ನಿನ್ನ ಕೈಗೆ ಏನು ಬರುತ್ತದೆಂದು ಪಟ್ಟಿ ಮಾಡು. ಹುದ್ದೆ ಹೋದರೂ ಅದು ನಿನ್ನ ಜತೆ ಬರುತ್ತದೆ. ಮತ್ತು ಅರ್ಜಿ ಕಳಿಸಿ ಕಾಯಬೇಡ, ಆ ಕೆಲಸ ಮಾಡುತ್ತಿರುವವರ ಹತ್ತಿರ ಹೋಗಿ ಮಾತಾಡು. ಎರಡೂ ಉಪಯುಕ್ತ. ಕೆಲಸ ಹೋದವನು ಬರೆದದ್ದರಿಂದ ಅದರಲ್ಲಿ ಉಪ್ಪಿದೆ.

ನಮ್ಮ ಸ್ಟಾಲುಗಳಿಗೆ ಬರುವ ಹೊತ್ತಿಗೆ ಆ ಎರಡು ಮಾತು ತೆಳ್ಳಗಾಗಿರುತ್ತವೆ. ಉಳಿಯುವುದು ಮನಸ್ಸಿನ ಮಾತು: ನಂಬು, ಗುರಿ ಬರೆ, ಬೆಳಿಗ್ಗೆ ಬೇಗ ಏಳು. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಕನ್ನಡದ ಎಷ್ಟೋ ಮನೆಗಳಲ್ಲಿ ಪಂಚಾಂಗದ ಪಕ್ಕ ಕೂತಿದೆ. ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’ ತೆಲುಗಿನಿಂದ ಬಂದು ಇಲ್ಲಿಯದೇ ಆಯಿತು. ಕುಗ್ಗಿದವನನ್ನು ಎತ್ತಿ ನಿಲ್ಲಿಸುವ ಶಕ್ತಿ ಇವಕ್ಕಿದೆ, ಅಲ್ಲಗಳೆಯಲಾರೆ. ಆದರೆ ಇವುಗಳ ಮರಿಗಳಾಗಿ ಬಂದ ‘ಹೊಸ ಉದ್ಯೋಗ, ಹೊಸ ನೀವು’ ಬಗೆಯ ಪುಸ್ತಕಗಳಲ್ಲಿ ಹೊಲ, ಸಾಲ, ಜಾತಿ, ಬಾಡಿಗೆ ಎಂಬ ಶಬ್ದಗಳೇ ಸಿಕ್ಕುವುದಿಲ್ಲ. ಎರಡು ತಿಂಗಳು ಸಂಬಳವಿಲ್ಲದಿದ್ದರೆ ಮನೆಗೆ ರೇಷನ್ ಯಾರು ತರಬೇಕು ಎಂಬ ಅಧ್ಯಾಯ ನಾನು ಇನ್ನೂ ಕಂಡಿಲ್ಲ. ಹೊರಗಿನ ಕಾರಣಗಳನ್ನೆಲ್ಲ ಅಳಿಸಿಬಿಟ್ಟ ಮೇಲೆ ಓದುವವನೊಬ್ಬನೇ ಉಳಿಯುತ್ತಾನೆ. ತಪ್ಪು ಅವನದೇ ಆಗುವುದು ಹೀಗೆ.

ಇನ್ನು ಕಸುಬು ನಿಜವಾಗಿ ಬದಲಾದ ಬಗೆ ನೋಡಲು ಮಿರಜದ ಸಿತಾರು ಓಣಿಗೆ ಬನ್ನಿ. ತಂತಿವಾದ್ಯ ಮಾಡುವ ಇಲ್ಲಿನ ಮನೆತನಗಳು ಮೂಲತಃ ಶಿಕಲಗಾರರು, ಅಂದರೆ ಕತ್ತಿ, ಬಾಕುಗಳಿಗೆ ಸಾಣೆ ಹಿಡಿದು ಹೊಳಪು ಕೊಡುವವರು. 19ನೇ ಶತಮಾನದ ನಡುವೆ ಕಂಪನಿ ಸರಕಾರದ ಆಳಿಕೆ ಗಟ್ಟಿಯಾಗಿ ಕತ್ತಿಗೆ ಗಿರಾಕಿ ಇಲ್ಲವಾಯಿತು. ಮಿರಜದ ಪಟವರ್ಧನ ದೊರೆಗಳಿಗೆ ಸಂಗೀತದ ಹುಚ್ಚು, ಆಸ್ಥಾನಕ್ಕೆ ಬರುವ ಗವಾಯಿಗಳ ವಾದ್ಯ ಕೆಟ್ಟರೆ ರಿಪೇರಿಗೆ ಜನ ಬೇಕು. ಫರೀದಸಾಹೇಬ ಶಿಕಲಗಾರರಂಥವರ ಕೈಗೆ ತಂಬೂರಿ ಬಂದದ್ದು ಹಾಗೆ. ಮುಂದೆ ಗಾಯಕ ಅಬ್ದುಲ್ ಕರೀಂ ಖಾನರು ಈ ಊರಿನಲ್ಲೇ ನೆಲೆಸಿದರು, 1937ರಲ್ಲಿ ತೀರಿಕೊಂಡ ಮೇಲೆ ಮೀರಾಸಾಹೇಬ ದರ್ಗಾದಲ್ಲೇ ಮಣ್ಣಾದರು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರಿಂದ ಹಿಡಿದು ಹುಬ್ಬಳ್ಳಿ, ಧಾರವಾಡದ ಎಷ್ಟೋ ಕಛೇರಿಗಳ ಹಿಂದೆ ಮಿಡಿದದ್ದು ಮಿರಜದ ತಂಬೂರಿ. 2024ರಲ್ಲಿ ಮಿರಜದ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿತು.

ಆ ಓಣಿಯಲ್ಲಿ ಒಮ್ಮೆ ಜವಾರಿ ತೆಗೆಯುವುದನ್ನು, ಅಂದರೆ ತಂತಿ ಕೂರುವ ಕುದುರೆಯನ್ನು ಅರದಿಂದ ಹದಗೊಳಿಸುವುದನ್ನು, ನೋಡುತ್ತ ಕೂತಿದ್ದೆ. ಪಂಢರಪುರದ ಕಡೆಯಿಂದ ಬಂದ ದೊಡ್ಡ ಸೋರೆಬುರುಡೆಗಳು ಗೋಡೆಗೆ ಸಾಲಾಗಿ ಒರಗಿದ್ದವು. ಮುದುಕ ಕುಶಲಿಗರೊಬ್ಬರು ಕುದುರೆಯ ಮೇಲ್ಮೈಗೆ ಅರ ಹಚ್ಚಿ ಎರಡು ಸಲ ಉಜ್ಜಿದರು, ತಂತಿ ಮೀಟಿದರು, ತಲೆ ಅಲ್ಲಾಡಿಸಿದರು, ಮತ್ತೆ ಒಂದೇ ಒಂದು ಸಲ ಉಜ್ಜಿದರು. ಆಮೇಲೆ ತಂತಿಯ ಕೆಳಗೆ ಹತ್ತಿಯ ಸಣ್ಣ ನೂಲು ತೂರಿಸಿ ಉಗುರಿನಿಂದ ಕೂದಲೆಳೆಯಷ್ಟು ಸರಿಸಿದರು. ಸತ್ತಂತಿದ್ದ ತಂತಿ ಝೇಂಕರಿಸಿತು. ಆ ನೂಲಿಗೆ ಜೀವ ಎನ್ನುತ್ತಾರೆ. ಕತ್ತಿಯ ಬಾಯಿಗೆ ಎಷ್ಟು ಸಾಣೆ ಸಾಕು ಎಂದು ಬೆರಳಿಗೆ ಗೊತ್ತಿದ್ದದ್ದೇ ಇಲ್ಲಿ ಮಾಪು. ಬೋಲ್ಸ್ ಪುಟಗಟ್ಟಲೆ ಹೇಳಿದ ಮೊದಲ ಮಾತು ಈ ಅರದ ತುದಿಯಲ್ಲಿತ್ತು. ಆದರೆ ಶಿಕಲಗಾರರ ಬೆರಳು ತಾನಾಗಿ ಸಿತಾರಿಗೆ ಹೋಗಲಿಲ್ಲ. ಕೆಟ್ಟ ತಂಬೂರಿ ಕೊಟ್ಟು ಮಾಡು ಎಂದವರಿದ್ದರು, ಕಲಿಯುವಷ್ಟು ಕಾಲ ಒಲೆ ಉರಿಯುವಂತೆ ನೋಡಿದವರಿದ್ದರು. ಸಿನಿಮಾದ ದಾದಾ ಕರೆಯುವುದನ್ನು ಮಾತ್ರ ಬಲ್ಲ, ಕಾಯುವುದನ್ನು ಅರಿಯ.

ಇದೇ ಸಾಂಗಲಿ ಜಿಲ್ಲೆಯ ವಿಟಾ, ಆಟಪಾಡಿ ಕಡೆಯದು ಇನ್ನೊಂದು ದಾರಿ. ಮಳೆ ಕೈಕೊಟ್ಟ ಆ ಊರುಗಳ ಒಕ್ಕಲಿಗರು ಗಲಾಯಿ ಕಲಿತು, ಅಂದರೆ ಹಳೆಯ ಚಿನ್ನ, ಬೆಳ್ಳಿ ಕರಗಿಸಿ ಶುದ್ಧ ಮಾಡುವ ಕೆಲಸ ಹಿಡಿದು, ದೇಶದ ಊರೂರಿನ ಸರಾಫ ಕಟ್ಟೆ ಸೇರಿದರು. ಒಬ್ಬ ಹೋದ, ತಮ್ಮನನ್ನು ಕರೆಸಿದ, ತಮ್ಮ ಅಳಿಯನನ್ನು ಕರೆಸಿದ. ರಘುವಿನ ಕೊರಳಿನ ಐವತ್ತು ತೊಲೆಯನ್ನು ಕೊನೆಗೆ ಮೂಸೆಗೆ ಹಾಕುವವರು ಇವರೇ ಇರಬೇಕು. ಇವರ ಮೇಲೆ ಬಂದ ಸಿನಿಮಾ ನಾನು ಕಂಡಿಲ್ಲ. ಬಂದರೂ ಆಮ್ಲದ ಹೊಗೆಯಲ್ಲಿ ಕೆಮ್ಮುವ ಹತ್ತು ವರ್ಷವನ್ನು ಒಂದು ಹಾಡಿಗೆ ಇಳಿಸಲಾಗದು.

ಪ್ಲಾಟ್‌ಫಾರ್ಮಿನಲ್ಲಿ ಇದನ್ನೆಲ್ಲ ಅರ್ಧಂಬರ್ಧ ಹೇಳಿದೆ. ಹುಡುಗ ಪುಸ್ತಕ ಮಗುಚಿದ. ನಿಮ್ಮ ಕೌಶಲಗಳನ್ನು ಬರೆಯಿರಿ ಎಂದು ಹತ್ತು ಗೆರೆ ಬಿಟ್ಟಿದ್ದ ಪುಟ, ಪೂರ್ತಿ ಖಾಲಿ. ಸುಟ್ಟ ಮೋಟಾರನ್ನು ವಾಸನೆ ನೋಡಿಯೇ ಯಾವ ಸುತ್ತು ಹೋಗಿದೆ ಎಂದು ಹೇಳುವವನು ಅವನು. ಅದನ್ನೇ ಬರಿ ಅಂದೆ. ಪೆನ್ನು ಇಸಿದುಕೊಂಡು ಬರೆದ. ನೋಡಿದರೆ ಮೊದಲ ಗೆರೆಯಲ್ಲಿ ಒಂದು ಹೆಸರು, ಮುಂದೆ ಕೊಯಿಮತ್ತೂರು ಎಂದಿತ್ತು.

“ಇದು ಯಾರು ತಮ್ಮಾ?”

“ಸೋದರಮಾವ್ರಿ. ಅಲ್ಲಿ ಗಲಾಯಿ ಅಂಗಡಿ ಐತಿ, ಮಗ್ಗಲದಾಗ ಮೋಟಾರ್ ಕಾರ್ಖಾನಿ ಬಾಳ ಅದಾವಂತ. ಮೋಟಾರಿಂದು ಎರಡನೇ ಗೆರಿಗೆ ಬರಿತೀನಿ.”

ಹುಬ್ಬಳ್ಳಿ ಗಾಡಿ ಬಂತು. ನಾನು ಹತ್ತಿದೆ. ಪೆನ್ನು ಅವನ ಹತ್ತಿರವೇ ಉಳಿಯಿತು.