ರೂಪಾಯಿಯ ಸಭೆಯಲ್ಲಿ ಕೂಲಿಯವನ ಕುರ್ಚಿ

2023ರ ಫೆಬ್ರವರಿ 24, 25ರಂದು ಜಿ-20 ದೇಶಗಳ ಹಣಕಾಸು ಮಂತ್ರಿಗಳು, ರಿಸರ್ವ್ ಬ್ಯಾಂಕಿನಂಥ ಬ್ಯಾಂಕುಗಳ ಗವರ್ನರುಗಳು ಬೆಂಗಳೂರಲ್ಲಿ ಸೇರಿದ್ದರು. ಸಾಲ, ಕ್ರಿಪ್ಟೊ, ಡಿಜಿಟಲ್ ಪಾವತಿ ಎಲ್ಲ ಚರ್ಚೆಯಾಯಿತು. ಉಕ್ರೇನ್ ಯುದ್ಧದ ಮಾತಿಗೆ ರಷ್ಯಾ, ಚೀನಾ ಒಪ್ಪದೆ ಜಂಟಿ ಹೇಳಿಕೆಯೂ ಹೊರಬರಲಿಲ್ಲ. ಅದು ಹಾಳಾಗಲಿ. ನನ್ನ ತಕರಾರು ಬೇರೆ: ದುಡ್ಡಿನ ಬೆಲೆ ಇಳಿದಾಗ ಏಟು ತಿನ್ನೋರಿಗೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಇಂಥ ಸಭೆಯೊಳಕ್ಕೇ ಹೋಗಿ ಈ ಪ್ರಶ್ನೆ ಎತ್ತಿದವರು ಬಾಬಾಸಾಹೇಬರು. 1923ರಲ್ಲಿ 'ದಿ ಪ್ರಾಬ್ಲಂ ಆಫ್ ದಿ ರುಪೀ' ಲಂಡನ್ನಿನಲ್ಲಿ ಅಚ್ಚಾಯಿತು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷಿ ನುಡಿದರು. ರೂಪಾಯಿ ಅಗ್ಗವಾದರೆ ರಫ್ತಿಗೆ ಲಾಭ ಅಂತ ವ್ಯಾಪಾರಿಗಳ ವಾದ. ಆ ಲಾಭ ಬರೋದೆಲ್ಲಿಂದ? ಬೆಲೆ ಏರಿದಷ್ಟು ಬೇಗ ಕೂಲಿ ಏರೋದಿಲ್ಲ. ಕೂಲಿಕಾರನ ಜೇಬಿನಿಂದಲೇ ಅದು ಹೋಗುತ್ತೆ ಅಂತ ಬಿಡಿಸಿ ತೋರಿಸಿದರು. ಚಿನ್ನದ ವಿನಿಮಯ ಪದ್ಧತಿಯನ್ನು ಮೆಚ್ಚಿದ್ದ ಕೇನ್ಸ್‌ನನ್ನೇ ಎದುರುಹಾಕಿಕೊಂಡರು. ಚಿನ್ನದ ಬಗ್ಗೆ ಅವರು ಹೇಳಿದ್ದನ್ನು ಇವತ್ತು ಒಪ್ಪಲೇಬೇಕೆಂದಿಲ್ಲ. (ಮುನ್ನುಡಿ ಬರೆದ ಪ್ರೊಫೆಸರ್ ಕ್ಯಾನನ್ನರೇ ಒಪ್ಪಿರಲಿಲ್ಲ!) ಕೂಲಿಯ ಲೆಕ್ಕ ಮಾತ್ರ ಹಳತಾಗಿಲ್ಲ. ನಮ್ಮ ಮೇಷ್ಟ್ರುಗಳು ಸಂವಿಧಾನದ ಅಂಬೇಡ್ಕರರನ್ನು ಹೇಳ್ತಾರೆ, ರೂಪಾಯಿಯ ಅಂಬೇಡ್ಕರರನ್ನು ಹೇಳೋದಿಲ್ಲ. ಯಾಕೆ?

ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿಗೆ ಬನ್ನಿ. ಸೊಪ್ಪಿನ ಬುಟ್ಟಿಗೂ ಕ್ಯೂಆರ್ ಅಂಟಿಸಿ ಅದನ್ನೇ ಸುಧಾರಣೆ ಅಂದರು. 2025ರ ಜುಲೈನಲ್ಲಿ ಅದೇ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸು ಕೊಟ್ಟಿತು. ನಗರದ ಎಷ್ಟೋ ಅಂಗಡಿಗಳ ಮುಂದೆ 'ಯುಪಿಐ ಇಲ್ಲ, ನಗದು ಮಾತ್ರ' ಅಂತ ಬೋರ್ಡು ಬಿತ್ತು. ಬಂದ್‌ಗೆ ಕರೆ ಬಿದ್ದ ಮೇಲೆ ಮುಖ್ಯಮಂತ್ರಿಗಳು ಸಭೆ ಕರೆದರು. ಜಿಎಸ್‌ಟಿ ನೋಂದಣಿ ಮಾಡಿಸಿದರೆ ಹಳೇ ಬಾಕಿ ಕೇಳೋದಿಲ್ಲ ಅಂದರು. ಆ ಸಭೆಯಲ್ಲಾದರೂ ಅಂಗಡಿಯವರಿಗೆ ಕುರ್ಚಿ ಸಿಕ್ಕಿತ್ತು.