ಹದಿನೈದು ದಿನದ ದೊರೆ

ಕುಬಿಹಾಳದ ಕಟ್ಟೆಯ ಮೇಲೆ ಕೂತು 'ನರಗುಂದ ಬಂಡಾಯ' ಎಂದು ಮಾತು ತೆಗೆದರೆ, ಎದುರಿಗಿದ್ದವರು ಮೊದಲು ಕೇಳುವುದು: "ಯಾವುದ್ರೀ, ರಾಜಂದೋ, ರೈತರದೋ?" ರಾಜನದು 1858ರದು. ರೈತರದು 1980ರ ಜುಲೈ 21ರದು. ಒಂದೇ ಹೆಸರು ಹೊತ್ತ ಈ ಎರಡು ಘಟನೆಗಳ ನಡುವೆ 122 ವರ್ಷಗಳಿವೆ. ಮೊದಲನೆಯದನ್ನು ನಾವು ಹೇಳಿಕೊಂಡು ಬಂದ ಬಗೆ ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ.

ನರಗುಂದದ ಭಾಸ್ಕರರಾವ್ ಭಾವೆ ಅಂದರೆ ಬಾಬಾಸಾಹೇಬನ ಕತೆ ನಮ್ಮ ಪಠ್ಯದಲ್ಲಿ, ನಾಟಕದಲ್ಲಿ, ಭಾಷಣದಲ್ಲಿ ಮೇ 29ರ ರಾತ್ರಿ ಶುರುವಾಗುತ್ತದೆ. ಆ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆ, ನರಗುಂದದ ಅಗಸೆಗೆ ತೂಗುಹಾಕಿದ ಅವನ ತಲೆ, ಬ್ರಿಟಿಷ್ ಅಧಿಕಾರಿ ಮಾಲ್ಕಮ್‌ನ ದಂಡು, ಗುಡ್ಡದ ಕೋಟೆಯ ಪತನ, ಕಾಡಿನಲ್ಲಿ ಸೆರೆ, ಜೂನ್ 12ರಂದು ಬೆಳಗಾವಿಯಲ್ಲಿ ನೇಣು. ಲೆಕ್ಕ ಹಾಕಿದರೆ ಹದಿನೈದು ದಿನ. ಅದಕ್ಕೂ ಮೊದಲು ವರ್ಷಗಟ್ಟಲೆ ಗಾದಿಯ ಮೇಲಿದ್ದ ಮನುಷ್ಯ ಅವನು. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರ ಕೂಡಿಸಿದವನು. ಆ ವರ್ಷಗಳೆಲ್ಲ ನಮ್ಮ ಕತೆಯಲ್ಲಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತವೆ: ಮಗನಿರಲಿಲ್ಲ, ದತ್ತು ಕೇಳಿದ, ಕಂಪನಿ ಸರಕಾರ ಒಪ್ಪಲಿಲ್ಲ.

ದತ್ತಕದ ಮಾತನ್ನು ಸಣ್ಣದು ಮಾಡುವವರ ಜೊತೆ ನಾನಿಲ್ಲ. ಅದನ್ನು ಮನೆತನದ ಆಸ್ತಿಜಗಳವೆಂದು ತಳ್ಳಿಹಾಕುವವರಿದ್ದಾರೆ. ದತ್ತು ತೆಗೆದುಕೊಳ್ಳುವ ಹಕ್ಕು ಹೋಯಿತೆಂದರೆ ಸಂಸ್ಥಾನವೇ ಹೋಯಿತು. ಇದೇ ಸೀಮೆಯ ಕಿತ್ತೂರಿನಲ್ಲಿ 1824ರಲ್ಲಿ ಯುದ್ಧಕ್ಕೆ ಕಾರಣವಾದದ್ದೂ ದತ್ತಕವೇ. ದತ್ತು ಒಪ್ಪದ ನೀತಿಗೆ ಮುಂದೆ ಹೆಸರಾದ ಡಾಲ್‌ಹೌಸಿಯನ್ನು ಆಗ ಇಲ್ಲಿ ಯಾರೂ ಕೇಳಿರಲಿಲ್ಲ. 34 ವರ್ಷಗಳ ನಂತರ ಅದೇ ಗಾಯ ಮತ್ತೆ ಬಿಚ್ಚಿಕೊಂಡಿತು. ಜೊತೆಗೆ ಇನಾಂ ಕಮಿಷನ್ ಬಂದು ತಲೆಮಾರುಗಳಿಂದ ಉಂಡುಬಂದ ಭೂಮಿಗೆ ಕಾಗದ ತೋರಿಸಿ ಎಂದಿತು. ಆಮೇಲೆ ನಿಶ್ಶಸ್ತ್ರೀಕರಣದ ಕಾಯಿದೆ ಮನೆಯೊಳಗಿನ ಕತ್ತಿಗೂ ಕೈ ಹಾಕಿತು. ಬಾಬಾಸಾಹೇಬನ ಸಿಟ್ಟಿಗೆ ಕಾರಣ ಸಾಲದಿರಲಿಲ್ಲ.

ಆದರೆ ಸಿಟ್ಟು ನ್ಯಾಯದ್ದಾದರೆ ಹೋರಾಟದ ಬಗೆಯೂ ಸರಿ ಎಂದಾಗುವುದಿಲ್ಲ. ಅವನು ಎದ್ದು ನಿಂತ ಹೊತ್ತಿಗೆ ದಿಲ್ಲಿ ಬಿದ್ದು ಎಂಟು ತಿಂಗಳಾಗಿತ್ತು, ಝಾನ್ಸಿಯೂ ಹೋಗಿತ್ತು. ಅದೇ ದಿನಗಳಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಕಾದಾಡಿ ಸತ್ತ. ಒಬ್ಬರಿಗೊಬ್ಬರು ಒದಗಲಿಲ್ಲ. ರಾಮದುರ್ಗದ್ದು ಅದೇ ಭಾವೆ ಮನೆತನ, ಅದೂ ಜೊತೆಗೆ ಬರಲಿಲ್ಲ. ರಾತ್ರಿ ತಂಗಿದ್ದವನ ಮೇಲೆ ಬಿದ್ದು ಕೊಂದು ತಲೆ ತರುವುದರಿಂದ ಯುದ್ಧದಲ್ಲಿ ಏನೂ ದಕ್ಕಲಿಲ್ಲ, ದಂಡು ಬೇಗ ಬಂತು ಅಷ್ಟೇ. ಗುಡ್ಡದ ಮೇಲಿನ ಅಂಥ ಗಟ್ಟಿ ಕೋಟೆ, 1785ರಲ್ಲಿ ಟಿಪ್ಪುವಿನ ಸೈನ್ಯವನ್ನೇ ಕಾಯಿಸಿದ್ದ ಕೋಟೆ, ಈ ಸಲ ಮುತ್ತಿಗೆಯನ್ನೇ ಕಾಣಲಿಲ್ಲ.

ಇಲ್ಲಿ ನಮ್ಮ ಕತೆಗಾರರು ಒಂದು ಸುಲಭದ ದಾರಿ ಹಿಡಿಯುತ್ತಾರೆ. ಒಳಗಿನವರೇ ಮದ್ದು ಕೆಡಿಸಿದರು ಎನ್ನುತ್ತಾರೆ. ಕಿತ್ತೂರಿನ ಕತೆಯಲ್ಲೂ ಕೆಟ್ಟ ಮದ್ದು ಇದೆ, ದ್ರೋಹಿಯ ಹೆಸರಿದೆ. ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರ ಕತೆಯೂ ಹಾಗೆಯೇ. ದ್ರೋಹ ನಡೆದಿರಬಹುದು, ನಡೆಯದ ಕಾಲ ಯಾವುದಿದೆ? ಆದರೆ ಊರೂರಿನ ಸೋಲಿಗೂ ಅದೇ ಕಾರಣ ಸಿಗತೊಡಗಿದರೆ, ಸೋಲನ್ನು ಬಿಡಿಸಿ ನೋಡುವ ಕಷ್ಟವನ್ನು ನಾವು ತಪ್ಪಿಸಿಕೊಂಡಿದ್ದೇವೆ ಎಂದೇ ನನಗನಿಸುತ್ತದೆ.

ನಮ್ಮ ಕುಂದಗೋಳದ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕುಂದಗೋಳ ಆಗ ಜಮಖಂಡಿ ಪಟವರ್ಧನರದು. ಗುಡಗೇರಿ ಮಿರಜದ ಕಿರಿಯ ಶಾಖೆಯದು, ಲಕ್ಷ್ಮೇಶ್ವರ ಹಿರಿಯ ಶಾಖೆಯದು, ಶಿರಹಟ್ಟಿ ಸಾಂಗಲಿಯದು, ಸವಣೂರು ನವಾಬನದು. ಒಂದೇ ಎರೆಭೂಮಿ, ಒಂದೇ ಹತ್ತಿ ಮತ್ತು ಮೆಣಸಿನಕಾಯಿ, ದೊರೆಗಳು ಮಾತ್ರ ಐವರು. ಜಮಖಂಡಿಯಲ್ಲಿ ರಾಮಚಂದ್ರರಾವ್ ಅಪ್ಪಾಸಾಹೇಬ 1840ರಿಂದ 1897ರವರೆಗೆ ಗಾದಿಯಲ್ಲಿದ್ದ. 57 ವರ್ಷ! ಇಂದು ಕುಂದಗೋಳದ ಸಂತೆಯಲ್ಲಿ ಅವನ ಹೆಸರು ಹೇಳಬಲ್ಲವರು ಸಿಗುವುದು ಕಷ್ಟ. ನೇಣಿಗೇರಿದವನು ಉಳಿದ, ಆಳಿದವನು ಅಳಿಸಿಹೋದ. ನೇಣಿಗೇರಿದವನ ಮೇಲಿನ ಪ್ರೀತಿ ನನಗೂ ಇದೆ. ಆದರೆ ನಮ್ಮ ಅಜ್ಜಂದಿರ ಹೊಲದ ಪಟ್ಟಿ ಬರೆದು ಕಂದಾಯ ಎತ್ತಿದ್ದು, ಮರಾಠಿಯಲ್ಲಿ ಹುಕುಂ ಕಳಿಸಿದ್ದು ಇಂಥ ದೊರೆಗಳ ಕಚೇರಿಗಳೇ. ಆ ಆಳ್ವಿಕೆಯನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡಿಲ್ಲ.

ಸಣ್ಣ ಸಂಸ್ಥಾನಗಳ ಈ ಪಾಡು ನಮಗೊಬ್ಬರಿಗೇ ಮೀಸಲಲ್ಲ. ಅದೇ ಕಾಲದಲ್ಲಿ ಜರ್ಮನಿಯೂ ಸುಮಾರು ನಲವತ್ತು ತುಂಡುಗಳಾಗಿತ್ತು. ಹಿರಿಯ ರಾಯ್ಸ್ ಎಂಬ ಸಂಸ್ಥಾನ ಸುಮಾರು 317 ಚದರ ಕಿಲೋಮೀಟರ್, ನಮ್ಮ ಜಮಖಂಡಿ ಅದರ ನಾಲ್ಕು ಪಟ್ಟು ದೊಡ್ಡದು. ಧಾರವಾಡದ ನೆಲದಲ್ಲಿ ಕನ್ನಡ ಕಲಿತು, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಹುಟ್ಟಿದ್ದು ಹ್ಯಾನೋವರ್ ರಾಜ್ಯದಲ್ಲಿ. ಆ ರಾಜ್ಯವನ್ನು 1866ರಲ್ಲಿ ಪ್ರಷ್ಯಾ ನುಂಗಿತು. ಅಲ್ಲಿನ ಕುರುಡು ದೊರೆ ಐದನೇ ಜಾರ್ಜ್ ಆಸ್ಟ್ರಿಯಾಕ್ಕೆ ಹೋಗಿ ಬದುಕಿದ. ಬಾಬಾಸಾಹೇಬನಿಗೆ ಆ ದಾರಿ ಇರಲಿಲ್ಲ. ಅವನು ನೇಣಿಗೇರಿ ಐದು ತಿಂಗಳೂ ತುಂಬಿರಲಿಲ್ಲ, ನವೆಂಬರ್ 1ರಂದು ಸಂಸ್ಥಾನಿಕರ ಹಕ್ಕು ಕಾಯುತ್ತೇವೆಂಬ ಬ್ರಿಟಿಷ್ ರಾಣಿಯ ಘೋಷಣೆ ಹೊರಬಿತ್ತು. 1862ರಲ್ಲಿ ವೈಸ್‌ರಾಯ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟ. ನರಗುಂದ ಕೇಳಿದ್ದು ಅಷ್ಟನ್ನೇ. ಅದು ಸಿಗುವ ಹೊತ್ತಿಗೆ ನರಗುಂದ ಸಂಸ್ಥಾನವೇ ಇರಲಿಲ್ಲ. ಜಮಖಂಡಿ 1948ರವರೆಗೂ ನಡೆಯಿತು.

ನರಗುಂದದ ಈ ಕತೆಯ ದೊಡ್ಡ ಕೊರತೆ, ಅದರಲ್ಲಿ ರೈತನಿಲ್ಲದಿರುವುದು. ನಿಶ್ಶಸ್ತ್ರೀಕರಣದ ವಿರುದ್ಧ ಎದ್ದ ಹಲಗಲಿಯ ಬೇಡರ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿಟ್ಟಿದ್ದರಿಂದ ಆಯುಧ ಕಳೆದುಕೊಂಡ ಮನೆಗಳ ಸಂಕಟ ನಮಗೆ ಕೇಳಿಸುತ್ತದೆ. ನರಗುಂದದ ಕತೆಯಲ್ಲಿ ದೊರೆ ಇದ್ದಾನೆ, ದ್ರೋಹಿ ಇದ್ದಾನೆ, ಸಾಹೇಬನ ತಲೆ ಇದೆ. ಜೂನ್ ತಿಂಗಳೆಂದರೆ ಮುಂಗಾರಿನ ಬಿತ್ತಿಗೆ. ಕೂರಿಗೆ ಹಿಡಿಯಬೇಕಾದ ಹೊತ್ತಿನಲ್ಲಿ ಗುಡ್ಡದ ಕೆಳಗಿನ ಊರು ಸುಲಿಗೆಯ ಭಯದಲ್ಲಿ ಖಾಲಿಯಾದರೆ ಆ ವರ್ಷ ಮನೆಯ ಹಗೇವಿಗೆ ಏನು ಬಿದ್ದೀತು? ಹಾಗೆ ಕೇಳಿದ ನಾಟಕವನ್ನು ನಾನು ನೋಡಿಲ್ಲ.

ಮಲಪ್ರಭೆಯ ಕಾಲುವೆ ನೀರು ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಕಟ್ಟು ಎಂದಾಗ, 1980ರಲ್ಲಿ ನರಗುಂದ, ನವಲಗುಂದಗಳ ರೈತರು ತಾವೇ ಬೀದಿಗಿಳಿದರು. ಗೋಲಿಬಾರಿನಲ್ಲಿ ಸತ್ತವರ ವೀರಗಲ್ಲಿಗೆ ಪ್ರತಿ ಜುಲೈ 21ಕ್ಕೆ ಮಾಲೆ ಬೀಳುತ್ತದೆ. ಅದೇ ಮಲಪ್ರಭೆಗೆ 1858ರ ಜೂನ್‌ನಲ್ಲಿ ಬಾಬಾಸಾಹೇಬನ ತಾಯಿಯೂ ಹೆಂಡತಿಯೂ ಬಿದ್ದು ಪ್ರಾಣ ಬಿಟ್ಟರು. ಕೋಟೆ ಬಿದ್ದ ರಾತ್ರಿ ಆ ಇಬ್ಬರು ಹೆಣ್ಣುಮಕ್ಕಳು ನದಿಯ ತನಕ ಯಾವ ಹೊಲದ ಬದುವಿನ ಮೇಲೆ ನಡೆದರೋ, ಅದನ್ನು ಕಂಡ ಒಕ್ಕಲಿಗನೊಬ್ಬ ಇದ್ದೇ ಇದ್ದಿರಬೇಕು. ಬಾಬಾಸಾಹೇಬನ ಕತೆಯನ್ನು ಇನ್ನೊಮ್ಮೆ ಬರೆಯುವವರು ಆ ಒಕ್ಕಲಿಗನಿಂದ ಶುರುಮಾಡಲಿ.